ಕಿವಿಯ ಗಂಟು

ನನ್ನ ಕಿವಿ ಹರಿದ ಮಹಾರಾಯ್ತಿಗೆ ಆಗಿನ್ನೂ ಹಲ್ಲು ಕೂಡ ಬಂದಿರಲಿಲ್ಲ. ಅಕ್ಕನ ಕೂಸು ಅದು. ಸೊಂಟದ ಮೇಲೆ ಕೂತಿದ್ದದ್ದು ಓಲೆಗೆ ಜೋತುಬಿತ್ತು. ಮದುವೆಯಲ್ಲಿ ಇಟ್ಟ ಆ ಓಲೆಯ ಭಾರಕ್ಕೆ ತೂತು ಮೊದಲೇ ಜಗ್ಗಿಹೋಗಿತ್ತು. ಬಲಗಿವಿಯ ಹಾಲೆ ಎರಡು ಸೀಳಾಯಿತು.

ಅದು ಯುದ್ಧದ ಕಾಲ. ನನಗೆ ಮದುವೆಯಾಗಿತ್ತು, ಗಂಡನ ಮನೆಗೆ ಇನ್ನೂ ಕಳಿಸಿರಲಿಲ್ಲ. ನಾವು ಗುಮ್ಮಳಾಪುರದ ಕಡೆ ರಾಗಿ ಬೆಳೆಯುವವರು. ಅವರು ಹೊಸೂರಿನವರು, ಗಂಡ ಅಲ್ಲೇ ಮೇಷ್ಟ್ರು. ಹರಿದ ಕಿವಿಯ ಹುಡುಗಿಯನ್ನು ಹೇಗೆ ಕಳಿಸುವುದೆಂದು ಅಪ್ಪ ಗಾಡಿ ಕಟ್ಟಿ ಹೊಸೂರಿನ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಅಂದವಾಗಿ ಹೊಲಿದುಕೊಟ್ಟರು. ವರ್ಷ ತುಂಬುವವರೆಗೆ ಅಲ್ಲಿ ಚುಚ್ಚಿಸಬೇಡಿ ಎಂದು ಎಚ್ಚರಿಸಿಯೂ ಕಳಿಸಿದರು.

ಆ ಮಾತು ಅಜ್ಜಿಗೆ ಹಿಡಿಸಲಿಲ್ಲ. ಮುತ್ತೈದೆ ಬೋಳು ಕಿವಿಯಲ್ಲಿದ್ದರೆ ಗಂಡನಿಗೆ ಕೇಡು ಎಂದು ಅವಳ ಹಟ. ಹೊಲಿಗೆ ಬಿಚ್ಚಿದ್ದೇ ತಡ, ಅಕ್ಕಸಾಲಿಯನ್ನು ಕರೆಸಿ ಹಸಿ ಗಾಯದ ಮೇಲೇ ಚುಚ್ಚಿಸಿದಳು. ತೂತು ಮುಚ್ಚದಿರಲೆಂದು ಬೇವಿನ ಕಡ್ಡಿ ಸಿಕ್ಕಿಸಿದಳು. ಕಿವಿ ಕೀವಾಯಿತು, ಒಣಗಿತು, ಒಣಗಿದ ಕಡೆ ಗಂಟೆದ್ದಿತು. ದಿನೇ ದಿನೇ ದಪ್ಪವಾಗಿ ಕೆಂಪಗೆ ಹೊಳೆಯತೊಡಗಿತು. ಆ ಮಗ್ಗುಲಿಗೆ ಮಲಗುವಂತಿರಲಿಲ್ಲ, ಸೆರಗು ತಾಗಿದರೂ ಜೀವ ಹೋಗುತ್ತಿತ್ತು.

ಅತ್ತೆ ನನ್ನನ್ನು ಕರೆದೊಯ್ಯಲು ಬರುವ ದಿನ ಅಜ್ಜಿ ಒಳಗೆ ಕರೆದು ಬುದ್ಧಿ ಹೇಳಿದಳು.

‘ನೋವು ಗೀವು ಅಂತ ಅವ್ರ ಮುಂದೆ ಬಾಯ್ಬುಟ್ಟೀಯ. ರೋಗದ್ ಹೆಣ್ಣು ತಂದ್ವಿ ಅಂತಾರೆ.’

ಅತ್ತೆ ಬಂದವರು ನನ್ನ ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿ ಕಿವಿ ನೋಡಿದರು. ಆಮೇಲೆ ಹುಬ್ಬು ನೋಡಿದರು, ಕೈಬೆರಳು ನೋಡಿದರು. ಕೊಟ್ಟ ಮಜ್ಜಿಗೆ ಮುಟ್ಟಲಿಲ್ಲ. ಅವರ ಅನುಮಾನ ನನಗೆ ತಿಳಿಯಿತು. ಕುಷ್ಠ ಬಂದರೆ ಮೊದಲು ಕಿವಿ ಊದಿ ಗಂಟೇಳುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಿದ್ದರು. ಆ ರೋಗದವರಿಗೆ ಊರಾಚೆ ಗುಡಿಸಲು ಹಾಕಿಕೊಡುತ್ತಿದ್ದುದನ್ನೂ ಕಂಡಿದ್ದೆ. ಅತ್ತೆ ಆ ಹೆಸರೆತ್ತಲಿಲ್ಲ. ಮೊದಲು ಡಾಕ್ಟರಿಗೆ ತೋರಿಸಿ ಆಮೇಲೆ ಮನೆಗೆ ಹೋಗೋಣ ಎಂದರು. ಗಾಡಿಯಲ್ಲಿ ನಮ್ಮಿಬ್ಬರ ನಡುವೆ ಅಮ್ಮ ಕೊಟ್ಟ ಮಡಿಲಕ್ಕಿ ಬುಟ್ಟಿ ಇಟ್ಟುಕೊಂಡರು. ದಾರಿಯುದ್ದಕ್ಕೂ ಆ ಬುಟ್ಟಿಯನ್ನೇ ನೋಡುತ್ತಾ ಕೂತಿದ್ದೆ.

ಹೊಲಿದ ಡಾಕ್ಟರಿಗೆ ಅಷ್ಟರಲ್ಲಿ ವರ್ಗವಾಗಿತ್ತು. ಹೊಸಬರಿಗೂ ಗಂಟು ನೋಡಿ ಅನುಮಾನ ಬಂತು. ಕಣ್ಣು ಮುಚ್ಚಲು ಹೇಳಿ, ಗುಂಡುಸೂಜಿಯಿಂದ ಚುಚ್ಚಿ, ನೋವಾಗುತ್ತದೆಯೇ ಎಂದು ತಮಿಳಿನಲ್ಲಿ ಕೇಳಿದರು. ತಲೆಯೊಳಗೆ ಬೆಂಕಿ ಹೊಕ್ಕಂತಾಯಿತು. ಆದರೆ ಪಕ್ಕದಲ್ಲೇ ಅತ್ತೆ. ಹಲ್ಲು ಕಚ್ಚಿ ಇಲ್ಲವೆಂದು ತಲೆಯಾಡಿಸಿದೆ. ಮತ್ತೆ ಚುಚ್ಚಿದರು. ಮತ್ತೆ ಇಲ್ಲವೆಂದೆ. ಆ ರೋಗ ಹಿಡಿದ ಜಾಗದಲ್ಲಿ ಸ್ಪರ್ಶವೇ ಇರುವುದಿಲ್ಲವಂತೆ, ನನಗೇನು ಗೊತ್ತು! ಡಾಕ್ಟರು ಸೂಜಿ ಕೆಳಗಿಟ್ಟು, ಮನೆಯಲ್ಲಿ ಯಾರು ಯಾರಿದ್ದಾರೆ, ಹುಡುಗಿಯನ್ನು ಎಲ್ಲಿ ಇಡುತ್ತೀರಿ ಎಂದು ಅತ್ತೆಯನ್ನು ಮೆಲ್ಲಗೆ ವಿಚಾರಿಸತೊಡಗಿದರು.

ಅತ್ತೆ ನನ್ನತ್ತ ತಿರುಗಿದರು. ನನ್ನ ಗಲ್ಲ ಹಿಡಿದೆತ್ತಿದರು.

‘ಕಣ್ಣಲ್ ನೀರ್ ಬತ್ತಾ ಐತಲ್ಲೇ. ಕಿವಿ ಹೊಲ್ಸಕ್ಕೋಗಿ ಬಾಯ್ನೂ ಹೊಲ್ಸ್ಕೊಂಡ್ ಬಂದ್ಯಾ? ನೋವಾದ್ರೆ ನೋವು ಅನ್ನು.’

ಇನ್ನೊಮ್ಮೆ ಚುಚ್ಚುವಂತೆ ಡಾಕ್ಟರಿಗೆ ಅವರೇ ಹೇಳಿದರು. ಈ ಸಲ ನಾನು ಕಿರುಚಿದ್ದಕ್ಕೆ ವರಾಂಡದಲ್ಲಿದ್ದವರೆಲ್ಲ ಬಾಗಿಲಿಗೆ ಬಂದರು. ಡಾಕ್ಟರು ನಕ್ಕುಬಿಟ್ಟರು. ಸೂಜಿ ತಾಗಿದ್ದು ಇಷ್ಟು ಚೆನ್ನಾಗಿ ತಿಳಿದರೆ ಆ ಭಯ ಬೇಡ ಎಂದರು. ಉಳಿದ ಮೈಯನ್ನೂ ಪರೀಕ್ಷೆ ಮಾಡಿ, ಗಾಯ ಮಾಗುವ ಮುಂಚೆ ಚುಚ್ಚಿಸಿದ್ದಕ್ಕೆ ಮಾಂಸ ಬೆಳೆದಿದೆ, ಕತ್ತರಿಸಿದರೆ ಇನ್ನೂ ದಪ್ಪವಾದೀತು, ಹಾಗೇ ಬಿಡಿ ಎಂದರು. ಅತ್ತೆ ಬೆಂಚಿನ ಮೇಲೆ ಕುಸಿದು ಕೂತು, ಸೆರಗು ಬಾಯಿಗಿಟ್ಟುಕೊಂಡು ಅತ್ತರು. ನಾನೂ ಅತ್ತುಬಿಟ್ಟೆ. ನೋವಿಗೋ ಸಂತೋಷಕ್ಕೋ ಎಂದು ಕೇಳಿದರೆ ಎರಡಕ್ಕೂ. ಅಷ್ಟು ಹಗುರಾದ ದಿನ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ.

ಮನೆಗೆ ಹೋಗುವಾಗ ಬುಟ್ಟಿ ಅವರ ಮಡಿಲಿನಲ್ಲಿತ್ತು. ನನಗೆ ಒರಗಿಕೊಂಡೇ ಕೂತಿದ್ದರು.

ಓಲೆಯ ಭಾರ ಕಿವಿಗೆ ಬೀಳದಿರಲೆಂದು ಮುಂದೆ ಅವರೇ ಕೆನ್ನೆಸರಪಳಿ ಮಾಡಿಸಿ ಕೂದಲಿಗೆ ಸಿಕ್ಕಿಸಿದರು. ಗಂಟು ಹೋಗಲಿಲ್ಲ. ಹೊಸೂರಿನ ಚಳಿಗಾಳಿ ಬೀಸಿತೆಂದರೆ ಚುಳ್ಳೆನ್ನುತ್ತದೆ. ಪ್ರತಿ ಚಳಿಗಾಲದಲ್ಲೂ, ಬಚ್ಚಲ ಒಲೆಗೆ ಸೌದೆ ಒಟ್ಟುತ್ತಾ, ಅತ್ತೆ ಒಮ್ಮೆಯಾದರೂ ಕೇಳುತ್ತಿದ್ದರು: ‘ಇನ್ನೂ ನೋಯ್ತದೇನೇ?’

ನೋಯುತ್ತದೆ ಎನ್ನುತ್ತಿದ್ದೆ.

‘ಸದ್ಯ,’ ಎನ್ನುತ್ತಿದ್ದರು, ‘ನೋಯ್ಲಿ ಬುಡು.’