ಅಪ್ಪನ ಧೂಳು, ಮಗಳ ಪುಡಿ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ‘ತೂತಕ್ಕ’ ಎಂದೇ ಕರೆಯುತ್ತಿದ್ದರು. ಅವಳಿಗೇನೂ ಬೇಜಾರಿರಲಿಲ್ಲ. ಅಷ್ಟೆಲ್ಲ ಓದಿ ಕೊನೆಗೆ ಮಾಡುತ್ತಿದ್ದುದು ತೂತು ಮಾಡುವ ಕೆಲಸವನ್ನೇ ತಾನೆ! ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣಗಳು, ಅವುಗಳ ಮೈತುಂಬ ಇನ್ನೂ ಸಣ್ಣ ತೂತುಗಳು. ಒಂದು ಚಮಚ ಪುಡಿಯ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಶಾಲೆಯ ಆಟದ ಅಂಗಳ ತುಂಬಬೇಕು. ಅಷ್ಟು ಜಾಗ ಸಿಕ್ಕರೆ ಅದರಲ್ಲಿ ಔಷಧ ತುಂಬಿ ರೋಗಿಯ ಮೈಯೊಳಕ್ಕೆ ಕಳಿಸಬಹುದು ಎಂಬ ಆಸೆ.

ಈ ಆಸೆಗೆ ಮನೆಯಲ್ಲಿ ಬೆಲೆಯಿರಲಿಲ್ಲ. ಅಪ್ಪ ಆಯುಷ್ಯವೆಲ್ಲ ಕಲ್ಲು ಕೊಯ್ದವನು. ಕಲ್ಲಿನ ಧೂಳು ಎದೆಯಲ್ಲಿ ಮನೆ ಮಾಡಿ, ಈಗ ಮಂಚದಿಂದ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದ. ಆ ಧೂಳಿಗೆ ಡಾಕ್ಟರು ಹೇಳಿದ ಹೆಸರು ಸಿಲಿಕಾ. ಮಗಳ ಪುಡಿಯೂ ಅದೇ ಎಂದು ಅಮ್ಮ ಬಾಯಿತಪ್ಪಿ ಹೇಳಿದ್ದೇ ತಡ, ಅಪ್ಪ ಊಟದ ತಟ್ಟೆ ಪಕ್ಕಕ್ಕೆ ಸರಿಸಿದ.

“ನನ್ನ ತಿಂದಿದ್ದು ಸಾಲ್ದಾ ಅದಕ್ಕೆ? ಬಿಟ್ಬಿಡು ಆ ಕೆಲಸ.”

“ಅಪ್ಪಾ, ನಿನ್ನ ಎದೇಲಿರೋದು ಕಲ್ಲಿನ ಚೂರು, ಕರಗಲ್ಲ. ನಾನು ಮಾಡೋದೇ ಬೇರೆ ಥರದ್ದು. ನಿಧಾನಕ್ಕೆ ಮೈಯಲ್ಲೇ ಕರಗಿಹೋಗುತ್ತೆ.”

“ಧೂಳು ಅಂದ್ರೆ ಧೂಳೇ.”

ಅಲ್ಲಿಗೆ ಮಾತು ನಿಂತಿತು. ಆಮೇಲೆ ಏನು ಬೇಕಾದರೂ “ಅವಳಿಗೆ ಹೇಳು” ಎಂದು ಅಮ್ಮನ ಮೂಲಕವೇ. ಮಹಾ ಹಟಮಾರಿ. ಮಗಳೇನು ಕಮ್ಮಿಯೆ, ಅದೇ ಅಚ್ಚು. ಆದರೆ ಅಪ್ಪನ ಉಸಿರು ದಿನೇದಿನೇ ಕುಗ್ಗುತ್ತಿತ್ತು. ಅವನು ಕಣ್ಣು ಮುಚ್ಚುವುದರೊಳಗೆ ಪುಡಿ ಕೈಗೆ ಬರಬೇಕು, ಅದನ್ನು ನೋಡಿ ಅವನು ತನ್ನೊಡನೆ ಒಂದು ಮಾತಾಡಬೇಕು. ಅವಳಿಗೆ ಬೇಕಿದ್ದದ್ದು ಇಷ್ಟೇ.

ಈ ತೂತುಗಳನ್ನು ಯಾರೂ ಕೊರೆಯುವುದಿಲ್ಲ. ಸೋಪಿನಂಥದೊಂದು ದ್ರವ್ಯದ ಸುತ್ತ ಸಿಲಿಕಾ ಗಟ್ಟಿಯಾಗುತ್ತದೆ. ಆಮೇಲೆ ಫರ್ನೇಸಿನಲ್ಲಿಟ್ಟು ಸೋಪನ್ನು ಸುಟ್ಟುಬಿಟ್ಟರೆ ಅದು ಕೂತಿದ್ದ ಜಾಗವೇ ತೂತು. ಬಿಸಿ ಮಾತ್ರ ಮೆಲ್ಲಮೆಲ್ಲಗೆ ಏರಬೇಕು, ಮಿತಿಯನ್ನೂ ದಾಟಬಾರದು. ಇದನ್ನು ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದವಳೇ ಆ ದಿನ ಬೇಗ ಮುಗಿಯಲೆಂದು ಬಿಸಿಯನ್ನು ಒಮ್ಮೆಲೇ ಏರಿಸಿದಳು, ಮಿತಿಗಿಂತ ಮೇಲೂ ಒಯ್ದಳು.

ಹೊರಬಂದ ಪುಡಿ ಎಂದಿನಂತೆ ಬೆಳ್ಳಗೆ, ಹಗುರವಾಗಿಯೇ ಇತ್ತು. ಅಳೆದು ನೋಡಿದಾಗ ಗುಟ್ಟು ರಟ್ಟಾಯಿತು. ಒಳಗಿನ ತೂತುಗಳೆಲ್ಲ ಕುಸಿದು ಮುಚ್ಚಿಹೋಗಿದ್ದವು. ಇದ್ದಬದ್ದ ಸಾಮಗ್ರಿಯನ್ನೆಲ್ಲ ಅದಕ್ಕೇ ಸುರಿದಿದ್ದಳು. ಮೊದಲಿನಿಂದ ಶುರು ಮಾಡಬೇಕು. ಅಪ್ಪನಿಗೆ ಅಷ್ಟು ಪುರಸೊತ್ತು ಎಲ್ಲಿದೆ?

ಸಂಜೆ ಪುಟ್ಟ ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು ಮಂಚದ ಪಕ್ಕ ಕುಸಿದು ಕೂತಳು.

“ಹಾಳು ಮಾಡ್ಕೊಂಡೆ ಅಪ್ಪಾ. ನೀನಿರೋವಾಗ್ಲೇ ಮುಗೀಲಿ ಅಂತ ಅವಸರ ಮಾಡ್ದೆ.”

ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಆಡದಿದ್ದ ಮಾತು ಅದು. ಬಾಗಿಲಲ್ಲಿದ್ದ ಅಮ್ಮ ಸೆರಗು ಬಾಯಿಗೊತ್ತಿಕೊಂಡಳು. ಮಗಳು ಕಣ್ಣೊರೆಸಿಕೊಂಡು, “ನೋಡು, ಇದೇ,” ಎನ್ನುತ್ತ ಸೀಸೆಯ ಮುಚ್ಚಳಕ್ಕೆ ಕೈ ಹಾಕಿದಳು.

ಅಪ್ಪ ಥಟ್ಟನೆ ಅವಳ ಮಣಿಕಟ್ಟು ಹಿಡಿದ. ಆ ಕೈಯಲ್ಲಿ ಇನ್ನೂ ಅಷ್ಟು ಬಲವಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಹೆಗಲ ಮೇಲಿದ್ದ ಟವಲನ್ನು ಎಳೆದು ಅವಳ ಮೂಗುಬಾಯಿಗೆ ಒತ್ತಿ ಹಿಡಿದ. ತನ್ನ ಮುಖ ಹಾಗೇ ಬಿಟ್ಟಿದ್ದ.

“ಮೊದ್ಲು ಮೂಗು ಮುಚ್ಕೋ.” ಕಷ್ಟಪಟ್ಟು ಉಸಿರೆಳೆದುಕೊಂಡ. “ನಾಳೆ ಮತ್ತೆ ಶುರು ಮಾಡು ಮಗಳೇ. ಎಷ್ಟು ದಿನ ಬೇಕೋ ಅಷ್ಟು ತಗೋ. ನಂಗೋಸ್ಕರ ಅವಸರ ಮಾಡ್ಬೇಡ.”