ಬ್ಲಾಕಿನ ಮೇಲೆ ಎದ್ದು ನಿಂತ ಪಿಸ್ಟನ್

ನನ್ನ ಗೆಳೆಯ ಹುಣಸೂರಿನಲ್ಲಿ ಜೀಪು ಮೆಕ್ಯಾನಿಕ್. ನಾನು ಕಟ್ಟೆಮಳಲವಾಡಿಯಲ್ಲಿ ಹೊಗೆಸೊಪ್ಪು ಬೆಳೆಯುವವನು. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಮೀಸೆ ನರೆತ ಮೇಲೂ ಒಂದೇ ಜೀಪಿನಲ್ಲಿ ಕೂರುತ್ತಿದ್ದೆವು. ಮಳೆಗಾಲ ಬಂದರೆ ಕೊಡಗಿನ ಕಡೆ ಕೆಸರುಗದ್ದೆಗಳಲ್ಲಿ, ಗುಡ್ಡದ ಏರುಗಳಲ್ಲಿ ಜೀಪು ಹತ್ತಿಸುವ ಪಂದ್ಯಗಳು ನಡೆಯುತ್ತವೆ. ಓಡಿಸುವವನು ನಾನು, ಪಕ್ಕದ ಸೀಟು ಅವನದು. ಅವನು ದಾರಿ ನೋಡುತ್ತಲೇ ಇರಲಿಲ್ಲ. ತಲೆ ಬಗ್ಗಿಸಿ ಇಂಜಿನ್ನಿನ ಸದ್ದು ಕೇಳಿಸಿಕೊಳ್ಳುತ್ತಿದ್ದ. "ಇಳಿಸ್ಲಾ ಗೇರು, ಉಸಿರು ಕಟ್ತಾ ಅದೆ ಅದಕ್ಕೆ" ಎನ್ನುತ್ತಿದ್ದ. ಇಳಿಸುವುದು ಒಂದು ಕ್ಷಣ ತಡವಾದರೂ ಮೊಣಕೈಯಿಂದ ತಿವಿಯುತ್ತಿದ್ದ.

ಹೋದ ವರ್ಷ ಒಂದು ಏರಿನಲ್ಲಿ ನಮ್ಮ ಜೀಪು ಅರ್ಧಕ್ಕೇ ನಿಂತಿತು. ಚಕ್ರ ಜಾರಿದ್ದಲ್ಲ, ಇಂಜಿನ್ನಿಗೇ ಎಳೆಯುವ ತ್ರಾಣ ಸಾಲದೆ ಹೋಯಿತು. ವಾಪಸ್ ಬರುವಾಗ ಪಿರಿಯಾಪಟ್ಟಣದಲ್ಲಿ ನಿಂತೆವು. ಅಲ್ಲಿ ಟೀ ಕುಡಿಯುತ್ತ, "ಸ್ಟ್ರೋಕ್ ಉದ್ದ ಮಾಡಾಣ ಕಣ್ಲಾ" ಎಂದ.

"ಅಂಗಂದ್ರೆ?"

"ಕೈಪಂಪು ಹೊಡ್ದಿಲ್ವಾ ನೀನು? ಗಿಡ್ಡಕ್ಕೆ ಒತ್ತಿದ್ರೆ ಎಷ್ಟು ನೀರು ಬತ್ತದೆ, ಉದ್ದಕ್ಕೆ ಒತ್ತಿದ್ರೆ ಎಷ್ಟು ಬತ್ತದೆ? ಅಷ್ಟೇಯಾ."

ಅಷ್ಟೇ ಆಗಿರಲಿಲ್ಲ. ಸ್ಟ್ರೋಕ್ ಎಂದರೆ ಪಿಸ್ಟನ್ ಏರಿಳಿಯುವ ದೂರ; ಅದನ್ನು ಹೆಚ್ಚಿಸಲು ಉದ್ದ ತೋಳಿನ ಕ್ರ್ಯಾಂಕ್ ಹಾಕಿದರೆ ಪಿಸ್ಟನ್ ಮೊದಲಿಗಿಂತ ಕೆಳಕ್ಕೂ ಇಳಿಯುತ್ತದೆ, ಮೇಲಕ್ಕೂ ಏರುತ್ತದೆ. ಮೇಲೆ ಅದಕ್ಕೆ ಜಾಗ ಇರುವುದಿಲ್ಲ, ಹೋಗಿ ಇಂಜಿನ್ನಿನ ಮುಚ್ಚಳದಂತಿರುವ ಹೆಡ್ಡಿಗೆ ಬಡಿಯುತ್ತದೆ. ಹಾಗಾಗಬಾರದೆಂದರೆ ಕ್ರ್ಯಾಂಕಿಗೂ ಪಿಸ್ಟನ್ನಿಗೂ ನಡುವೆ ಇರುವ ಕನೆಕ್ಟಿಂಗ್ ರಾಡನ್ನು ಗಿಡ್ಡ ಮಾಡಬೇಕು. ಇಲ್ಲವೇ ಪಿನ್ನು ಕೂರುವ ತೂತು ಮೇಲಕ್ಕಿರುವ, ಗಿಡ್ಡ ತಲೆಯ ಪಿಸ್ಟನ್ ತರಬೇಕು. ಗಿಡ್ಡ ರಾಡು ಅವನಿಗೆ ಇಷ್ಟವಿರಲಿಲ್ಲ. "ಪಿಸ್ಟನ್ನ ಪಕ್ಕಕ್ಕೆ ನೂಕ್ತದೆ, ಅದು ಓಡಾಡೋ ಬೋರು ಸವದೋಯ್ತದೆ. ರಾಡು ಇದೇ ಇರ್ಲಿ, ಪಿಸ್ಟನ್ ಬದಲಾಯ್ಸಾಣ" ಎಂದ. ಕ್ರ್ಯಾಂಕು ಕೆ.ಆರ್. ನಗರದ ಗುಜರಿಯಲ್ಲಿ ಸಿಕ್ಕಿತು. ಅದನ್ನು ಅವನೇ ಇಂಜಿನ್ನಿನ ಬ್ಲಾಕಿಗೆ ಕೂರಿಸಿದ. ಪಿಸ್ಟನ್ನಿಗಾಗಿ ಹತ್ತಾರು ಕಡೆ ಫೋನು ಮಾಡಿ, ಕೊನೆಗೆ ತಮಿಳುನಾಡಿನಿಂದ ತರಿಸಲು ಹೇಳಿದ.

ಪಿಸ್ಟನ್ ಬಂದ ದಿನ ಅವನು ಮೈಸೂರಿನ ಆಸ್ಪತ್ರೆಯಲ್ಲಿದ್ದ.

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಿದ್ದವನು ಅಲ್ಲೇ ಕುಸಿದು ಬಿದ್ದಿದ್ದ. ಡಾಕ್ಟರು ನನ್ನನ್ನೂ ಅವನ ಹೆಂಡತಿಯನ್ನೂ ಕೂರಿಸಿಕೊಂಡು "ಸ್ಟ್ರೋಕ್ ಆಗಿದೆ" ಎಂದರು. ಆ ಮಳೆಗಾಲದುದ್ದಕ್ಕೂ ನಾವು ದಿನವೂ ಆಡುತ್ತಿದ್ದ ಮಾತು ಅದು. ಅವರ ಬಾಯಲ್ಲಿ ಕೇಳಿದಾಗ ಅದು ಯಾವುದರ ಬಗ್ಗೆ ಎಂಬುದೇ ನನಗೆ ಒಂದು ಗಳಿಗೆ ತಿಳಿಯಲಿಲ್ಲ. ಆಕೆ ಮಾತ್ರ, "ಲಕ್ವಾ ಅಂತಾವ್ರೆ ಅಣ್ಣ" ಎಂದು ನನ್ನ ತೋಳು ಹಿಡಿದುಕೊಂಡಳು.

ಮನೆಗೆ ಬಂದಾಗ ಬಲಗೈ ಸತ್ತಂತೆ ನೇತಾಡುತ್ತಿತ್ತು. ಮಾತು ಹೋಗಿ "ಬುಡು" ಎಂಬುದೊಂದೇ ಉಳಿದಿತ್ತು. ಅನ್ನ ಬೇಕಾದರೂ "ಬುಡು", ಬೇಡವಾದರೂ "ಬುಡು". ದನಿಯ ಮೇಲೆ ನಾವು ಅರ್ಥ ಮಾಡಿಕೊಳ್ಳಬೇಕು. ಗೊತ್ತಿರುವ ಕೆಲಸ ಕೈಗೆ ಕೊಡುತ್ತಿರಿ ಎಂದು ಡಾಕ್ಟರು ಹೇಳಿದ್ದರಂತೆ. ಒಂದು ಭಾನುವಾರ ಅವನ ಹೆಂಡತಿಯೇ, "ಅಂಗಡಿಗೆ ಕರ್ಕೊಂಡೋಗಾಣ ಬನ್ನಿ ಅಣ್ಣ, ಮೊಕ ಗೆಲುವಾಯ್ತದೆ" ಎಂದಳು.

ಇಬ್ಬರೂ ಹಿಡಿದು ಕುರ್ಚಿಯಲ್ಲಿ ಕೂರಿಸಿದೆವು. ನಾನು ಗೋಣಿಚೀಲ ಹಾಸಿ ಎಲ್ಲವನ್ನೂ ಅವನ ಮುಂದೆ ಹರಡಿದೆ: ಹಳೆಯ ರಾಡುಗಳು, ಕ್ರ್ಯಾಂಕಿನ ಜೊತೆ ಬಂದಿದ್ದ ಗಿಡ್ಡ ರಾಡುಗಳು, ಹಳೆಯ ಪಿಸ್ಟನ್ನುಗಳು, ಅವನು ತರಿಸಿದ್ದ ಹೊಸವು. ಅವನ ಕಣ್ಣು ಅರಳಿತು. ಎಡಗೈ ಚಾಚಿ ಹಳೆಯ ಉದ್ದದ ರಾಡನ್ನೇ ಎತ್ತಿಕೊಂಡ. ನೆನಪಿದೆ ಇವನಿಗೆ, ಎಂದುಕೊಂಡೆ! ಮರುಕ್ಷಣವೇ ಅದರ ಪಕ್ಕಕ್ಕೆ ಹಳೆಯ ಪಿಸ್ಟನ್ನನ್ನು ಎಳೆದುಕೊಂಡ.

"ಅದಲ್ಲ ಕಣ್ಲಾ. ಇದು, ನೀನೇ ತರ್ಸಿದ್ದು" ಎಂದು ಹೊಸದನ್ನು ಮುಂದೆ ತಳ್ಳಿದೆ.

"ಬುಡು!" ಅದನ್ನು ದೂರ ನೂಕಿದ. ಹಳೆಯದನ್ನೇ ರಾಡಿಗೆ ಒತ್ತಿ ಹಿಡಿದ. ಎಷ್ಟು ಸಲ ಹೇಳಿದರೂ ಅಷ್ಟೇ.

"ಅವ್ರು ಹೇಳ್ದಂಗೇ ಮಾಡ್ಬುಡಿ ಅಣ್ಣ" ಎಂದಳು ಹೆಂಡತಿ.

ಹಾಗೆ ಕಟ್ಟಿದರೆ ಮೊದಲ ಸುತ್ತಿಗೇ ಇಂಜಿನ್ ಒಡೆಯುತ್ತದೆ. ನಾನು ಹೆಡ್ಡು ಮುಚ್ಚದೆ, ರಿಂಗು ಹಾಕದೆ, ಅವನು ಆರಿಸಿದ ಜೋಡಿಯನ್ನೇ ಒಂದು ಬೋರಿಗೆ ಇಳಿಸಿ, ಕ್ರ್ಯಾಂಕನ್ನು ಕೈಯಿಂದ ಮೆಲ್ಲಗೆ ತಿರುಗಿಸಿದೆ. ಪಿಸ್ಟನ್ ಏರುತ್ತ ಏರುತ್ತ ಬ್ಲಾಕಿನ ಅಂಚು ದಾಟಿ, ಮೇಲೆ ಎದ್ದು ನಿಂತಿತು. ಕುರ್ಚಿಯನ್ನು ಹತ್ತಿರಕ್ಕೆ ಎಳೆದೆ. ಅವನು ಎಡಗೈ ಹೆಬ್ಬೆರಳನ್ನು ಬ್ಲಾಕಿನ ಮೇಲೆ ಇಟ್ಟು ಸರಿಸುತ್ತ ಬಂದ. ಬೆರಳು ಪಿಸ್ಟನ್ನಿನ ಅಂಚಿಗೆ ತಗುಲಿ ನಿಂತಿತು. ಮತ್ತೆ ಸರಿಸಿದ, ಮತ್ತೆ ತಗುಲಿತು.

ಅವನಿಗೆ ತಿಳಿಯಿತು. ತಪ್ಪನ್ನು ಕಾಣುವಷ್ಟು ಅವನಲ್ಲಿ ಉಳಿದಿತ್ತು, ತಪ್ಪು ಮಾಡದಿರುವಷ್ಟು ಉಳಿದಿರಲಿಲ್ಲ. ಅವನು ಅತ್ತ. ಬಲಗೆನ್ನೆ ಅಲುಗದೆ ಹಾಗೇ ಇತ್ತು, ಎಡಭಾಗದ ಮುಖ ಮಾತ್ರ ಕಿವುಚಿಕೊಂಡು ಅಳುತ್ತಿತ್ತು.

ಮನೆಗೆ ಬಿಟ್ಟು ಹೊರಡುವಾಗ ಆಕೆ ಬಾಗಿಲಲ್ಲಿ ನಿಂತು ಕೇಳಿದಳು: "ತೋರಿಸ್ಲೇಬೇಕಾಗಿತ್ತಾ ಅಣ್ಣ?"

"ಮೊದ್ಲಿನ ಅವ್ನಾಗಿದ್ರೆ, ನಾನು ಮುಚ್ಚಿಟ್ಟಿದ್ರೆ ಬಯ್ತಿದ್ದ ಕಣವ್ವ."

"ಮೊದ್ಲಿನವ್ರು ಎಲ್ಲವ್ರೆ?" ಎಂದು ಒಳಗೆ ಹೋದಳು.

ಆಮೇಲೆ ಅವನು ಅಂಗಡಿಗೆ ಬರಲೊಪ್ಪಲಿಲ್ಲ. ಸೊಪ್ಪು ಹದ ಮಾಡುವ ಕೆಲಸ ಮುಗಿದ ಮೇಲೆ ಅವನ ಪಕ್ಕ ನಿಂತು ನೋಡಿ ಕಲಿತಷ್ಟರಲ್ಲಿ ನಾನೇ ಕೂತು, ಅವನು ತರಿಸಿದ್ದ ಪಿಸ್ಟನ್ನುಗಳನ್ನು ಹಾಕಿ ಇಂಜಿನ್ ಕಟ್ಟಿದೆ. ಪಿಸ್ಟನ್ನುಗಳೆಲ್ಲ ಒಂದೇ ತೂಕ ಇರಬೇಕು, ಇಲ್ಲದಿದ್ದರೆ ಇಂಜಿನ್ ನಡುಗುತ್ತದೆ. ಅವನ ರೂಢಿಯಂತೆ ಚಿನ್ನದ ಕೆಲಸದ ಆಚಾರ್ರ ತಕ್ಕಡಿಗೆ ಒಯ್ದೆ. ಒಂದರದು ಕೂದಲೆಳೆಯಷ್ಟು ಹೆಚ್ಚಿತ್ತು. ಒಳಗಡೆಯಿಂದ ಅರದಲ್ಲಿ ಕೆರೆದು, ಇಟ್ಟು, ಕೆರೆದು ಸರಿ ಮಾಡಿದೆ. ರಾಡುಗಳನ್ನೂ ಹಾಗೆಯೇ, ಒಂದೊಂದು ತುದಿಯನ್ನು ಬೇರೆ ಬೇರೆ ತೂಗಿ ಜೋಡಿ ಮಾಡಿದೆ. ಆಚಾರ್ರು ಕನ್ನಡಕದ ಮೇಲಿಂದ ನೋಡಿ, "ಎಲ್ಲಿ ನಿಮ್ಮ ಜೊತೆಗಾರ್ರು?" ಎಂದರು. "ಮನೇಲವ್ರೆ" ಎಂದಷ್ಟೇ ಹೇಳಿ ಬಂದೆ.

ಇಂಜಿನ್ ಎರಡನೆಯ ಸಲಕ್ಕೆ ಹತ್ತಿಕೊಂಡಿತು. ಒಂದು ಬೆಳಿಗ್ಗೆ ಜೀಪನ್ನು ಅವನ ಮನೆಯ ಮುಂದೆ ನಿಲ್ಲಿಸಿದೆ. ಬರಲಾರನೆಂದುಕೊಂಡಿದ್ದೆ. ಅವನು ಕೋಲೂರಿಕೊಂಡು ತಾನೇ ಬಂದ. ಹೆಂಡತಿ ಹಿಂದೆ ಕೂತಳು. ಎಚ್.ಡಿ. ಕೋಟೆ ದಾಟಿ, ಅಂತರಸಂತೆ ಬಿಟ್ಟು, ಕಾಕನಕೋಟೆ ಕಾಡಿನ ದಾರಿ ಹಿಡಿದೆವು. ಏರು ಬಂದಾಗ ನಾನು ಬೇಕೆಂದೇ ಗೇರು ಇಳಿಸಲಿಲ್ಲ. ಇಂಜಿನ್ ಮುಲುಕಿತು. ತಿವಿಯಲು ಆ ಮೊಣಕೈ ಏಳಲಾರದು, ಒಂದು "ಬುಡು" ಆದರೂ ಬಂದೀತೆಂದು ಕಾದೆ. ಅವನು ಹೊರಗೆ ನೋಡುತ್ತಿದ್ದ. ಮುಲುಕುತ್ತಲೇ ಜೀಪು ಎಳೆದುಕೊಂಡು ಏರು ಹತ್ತಿತು. ಅವನು ಬಯಸಿದ ತ್ರಾಣ ಅದಕ್ಕೆ ಬಂದಿತ್ತು, ಆದರೆ ಅವನಿಗೆ ಅದು ಕೇಳಿಸಲೇ ಇಲ್ಲ. ರಸ್ತೆಯ ಪಕ್ಕದಲ್ಲಿ ಜಿಂಕೆಗಳ ಹಿಂಡು ತಲೆಯೆತ್ತಿ ನಮ್ಮನ್ನು ನೋಡುತ್ತಿತ್ತು. ಅವನು ಎಡಗೈ ಚಾಚಿ ಅವನ್ನು ತೋರಿಸಿ, ನನ್ನ ಕಡೆ ತಿರುಗಿ, ಮಗುವಿನಂತೆ ನಕ್ಕ. ನಾನೂ ನಕ್ಕೆ. ಗೇರು ಇಳಿಸಿದೆ.

ವಾಪಸ್ ಬರುವಾಗ ಬಿಸಿಲಿಗೆ ಅವನಿಗೆ ನಿದ್ದೆ ಹತ್ತಿತು. ಮನೆ ಮುಂದೆ ಇಂಜಿನ್ ಆರಿಸಿದರೂ ಏಳಲಿಲ್ಲ. ಹೆಂಡತಿ ಇಳಿದು ಬಂದು ಮೆಲುದನಿಯಲ್ಲಿ, "ವಸಿ ಹೊತ್ತು ಮಲಗಿರ್ಲಿ ಅಣ್ಣ" ಎಂದು ತನ್ನ ಸೆರಗನ್ನು ಅವನ ಮುಖಕ್ಕೆ ನೆರಳಾಗಿ ಹಿಡಿದು ನಿಂತಳು. ನಾನು ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದೆ.