ಚಿಕ್ಕಮ್ಮನ ಇಪ್ಪತ್ತೊಂದು ದಿನದ ಪಥ್ಯ

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಊಟಕ್ಕೆ ಕೂತರೆ ಚಿಕ್ಕಮ್ಮ ಮೊದಲು ಸಾಂಬಾರಿನ ಬದನೆಕಾಯಿ ಹೋಳುಗಳನ್ನು ಹುಡುಕಿ ತೆಗೆದು ನನ್ನ ತಟ್ಟೆಗೆ ಹಾಕುತ್ತಾಳೆ. ಯಾವಾಗಿನಿಂದ ಹೀಗೆ ಎಂದು ಕೇಳಿದರೆ ನಾನು ಯೋಚಿಸದೆ ಹೇಳಬಲ್ಲೆ: ಅವಳಿಗೆ ಕಾಮಾಲೆಯ ಔಷಧಿ ಕುಡಿಸಿದ ದಿನದಿಂದ. ಆದರೆ ಆ ದಿನದ ಬಗ್ಗೆ ನಾನು ಇಷ್ಟು ವರ್ಷ ನಂಬಿಕೊಂಡಿದ್ದ ಒಂದು ಮಾತು ಸುಳ್ಳು ಎಂದು ತಿಳಿದದ್ದು ಹೋದ ತಿಂಗಳು, ಹಳೆಯ ಡೈರಿಗಳನ್ನು ಬಿಸಿಲಿಗೆ ಹರಡಿದಾಗ.

ಚಿಕ್ಕಮ್ಮ ಅವ್ವನ ತಂಗಿ. ಸೊರಬದ ಕಡೆಯ ಜಡೆ ಎಂಬ ಊರಿನಲ್ಲಿ ಅಜ್ಜಿಯ ಜೊತೆಗಿದ್ದು ಬ್ಲೌಸ್ ಹೊಲಿಯುತ್ತಿದ್ದಳು. ಚಿಕ್ಕಪ್ಪ ತೀರಿಕೊಂಡ ವರ್ಷವೇ ಅವಳಿಗೂ ಎಚ್‌ಐವಿ ಇದೆ ಎಂದು ಗೊತ್ತಾಯಿತು. ಜೊತೆಗೆ ಯಕೃತ್ತಿನಲ್ಲಿ ಹೆಪಟೈಟಿಸ್ ಬಿ. ರಿಪೋರ್ಟಿನಲ್ಲಿ ಇಂಗ್ಲಿಷಿನಲ್ಲಿ ಏನು ಬರೆದಿದ್ದಾರೆಂದು ಓದಿಸಲು ಅವಳು ಅದನ್ನು ತಂದದ್ದು ನನ್ನ ಬಳಿಗೆ. ನಾನು ಆಗಷ್ಟೇ ಎಂ.ಎ. ಮುಗಿಸಿ ಶಿಕಾರಿಪುರದ ಮನೆಯಲ್ಲಿ ಕೆಲಸಕ್ಕೆ ಕಾಯುತ್ತಿದ್ದೆ. ಹಾಗಾಗಿ ಮನೆಯಲ್ಲಿ ಈ ವಿಷಯ ಗೊತ್ತಿದ್ದವಳು ನಾನೊಬ್ಬಳೇ. ಆಸ್ಪತ್ರೆಯ ಹಸಿರು ಪುಸ್ತಕದಲ್ಲಿ ಬರೆಸಿದ್ದೂ ನನ್ನ ಫೋನ್ ನಂಬರನ್ನೇ.

ಸೊರಬದಲ್ಲಾದರೆ ಗುರುತಿನವರು ಸಿಗುತ್ತಾರೆಂದು ಅವಳು ಪ್ರತಿ ತಿಂಗಳು ಮಾತ್ರೆಗೆ ಶಿಕಾರಿಪುರಕ್ಕೆ ಬರುತ್ತಿದ್ದಳು. ಜಡೆಯಿಂದ ಸೊರಬ, ಅಲ್ಲಿಂದ ಶಿರಾಳಕೊಪ್ಪದ ಮೇಲೆ ಇಲ್ಲಿಗೆ. ಅಜ್ಜಿಗೆ ಹೇಳುತ್ತಿದ್ದ ನೆಪ ಲೈನಿಂಗ್ ಬಟ್ಟೆ. ನೆಪ ನಿಜವಾಗಬೇಕಲ್ಲ, ಬೇಕಿರಲಿ ಬಿಡಲಿ ಎರಡು ಮೀಟರ್ ಬಟ್ಟೆ ಕೊಳ್ಳುತ್ತಿದ್ದಳು. ಅವಳ ಟ್ರಂಕಿನಲ್ಲಿ ಇಲ್ಲದ ಬಣ್ಣವಿರಲಿಲ್ಲ. ಮಾತ್ರೆ ಡಬ್ಬಿಯ ಚೀಟಿಯನ್ನು ನಮ್ಮ ಮನೆಯ ಬಚ್ಚಲಲ್ಲೇ ನೆನೆಸಿ ಕಿತ್ತು, ಒಳಗೆ ಮಾತ್ರೆಗಳ ಮೇಲೆ ಒಂದು ಪದರ ಹತ್ತಿ ಇಟ್ಟು, ಅದರ ಮೇಲೆ ಬ್ಲೌಸಿನ ಹುಕ್ಕು, ಗುಂಡಿ ತುಂಬುತ್ತಿದ್ದಳು. ಆಮೇಲೆ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಕೇಳು, ಬರೀ ಗುಂಡಿ ಸದ್ದು," ಎಂದು ನಗುತ್ತಿದ್ದಳು.

ಆ ತಿಂಗಳುಗಳನ್ನು ನೆನೆದರೆ ನನಗೆ ಕಾಯಿಲೆ ನೆನಪಾಗುವುದಿಲ್ಲ. ಬಟ್ಟೆ ಅಂಗಡಿಯಲ್ಲಿ ಅವಳು ಬಣ್ಣ ಹೊಂದಿಸಲು ಥಾನನ್ನು ಬಾಗಿಲ ಬೆಳಕಿಗೆ ಎಳೆದು ತರುತ್ತಿದ್ದುದು, ಹೋಟೆಲಿನಲ್ಲಿ ನನ್ನ ದೋಸೆಯ ಗರಿಗರಿ ಅಂಚನ್ನು ಮುರಿದುಕೊಳ್ಳುತ್ತಿದ್ದುದು, ಬಸ್ ಹೊರಟ ಮೇಲೂ ಕಿಟಕಿಯಿಂದ "ಅಳತೆ ಬ್ಲೌಸ್ ಕಳ್ಸೇ, ದಪ್ಪ ಆಗೀಯ" ಎಂದು ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕೂಗುತ್ತಿದ್ದುದು ನೆನಪಾಗುತ್ತವೆ. ಸುಖವಾಗಿದ್ದವೆಂದೇ ಅನ್ನಿಸುತ್ತದೆ. ಅವಳಿಗೂ ಹಾಗೇ ಇತ್ತೇ ಎಂದು ನಾನು ಆಗ ಕೇಳಲಿಲ್ಲ.

ಒಂದು ಬೇಸಿಗೆ ಅವಳಿಗೆ ವಾರವಿಡೀ ಜ್ವರ, ವಾಂತಿ. ನಾನು ನೋಡಲು ಜಡೆಗೆ ಹೋಗಿದ್ದೆ. ಅಜ್ಜಿ ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, "ಅರಿಶಿನ ಕಲಸಿದಂಗೆ ಐತಲ್ಲೇ, ಇದು ಕಾಮಾಲೆನೇ," ಎಂದಳು. ನಮ್ಮ ಕಡೆ ಕಾಮಾಲೆಗೆ ಆಸ್ಪತ್ರೆಗೆ ಹೋಗುವುದು ಕಡಿಮೆ, ಬೇರಿನ ಔಷಧಿ ಕೊಡುವವರ ಮನೆಗೇ ಹೋಗುವುದು. ಮಾರನೆಯ ಬೆಳಗ್ಗೆ ಮೂವರೂ ಖಾಲಿ ಹೊಟ್ಟೆಯಲ್ಲಿ ಉಳವಿ ಕಡೆಯ ಒಬ್ಬ ಅಜ್ಜನ ಮನೆಗೆ ಹೋದೆವು. ಕಾಸು ಮುಟ್ಟದ ಒಳ್ಳೆಯ ಮನುಷ್ಯ. ಸುಣ್ಣದ ನೀರಿನಲ್ಲಿ ಚಿಕ್ಕಮ್ಮನ ಕೈ ತೊಳೆಸಿದ. ನೀರು ಹಳದಿಯಾಯಿತು. ಅಜ್ಜಿ ನನ್ನ ಕಡೆ ತಿರುಗಿ, "ನೋಡ್ದ್ಯಾ?" ಎಂದಳು.

ಅಜ್ಜ ಬೇರು ಅರೆದು ಕುಡಿಸಿ ಪಥ್ಯ ಹೇಳಿದ. ಇಪ್ಪತ್ತೊಂದು ದಿನ ಉಪ್ಪು, ಎಣ್ಣೆ, ಖಾರ ಇಲ್ಲ. ಬದನೆಕಾಯಿ ಮಾತ್ರ ಜನ್ಮಪೂರ್ತಿ ಬಿಡಬೇಕು.

"ಬ್ಯಾರೆ ಔಷಧಿ ಏನಾರ ನಡಿತೈತೇನವ್ವ?"

ಅಜ್ಜಿಯೇ ಉತ್ತರಿಸಿದಳು. "ರಕ್ತ ಕಮ್ಮಿ ಅಂತ ಎಂಥದೋ ಮಾತ್ರೆ ನುಂಗ್ತಾಳೆ." ಚಿಕ್ಕಮ್ಮ ಅವಳಿಗೆ ಹೇಳಿದ್ದು ಅಷ್ಟೇ.

"ಅದು ಬಿಡ್ಲಿ. ಒಂದೇ ಹೊಟ್ಯಾಗೆ ಎಲ್ಡು ಔಷಧಿ ಜಗಳ ಆಡ್ತಾವೆ."

ಚಿಕ್ಕಮ್ಮ ನನ್ನನ್ನು ನೋಡಿದಳು. ನಾನು ಬಾಯಿ ಬಿಟ್ಟರೆ ಅಜ್ಜಿಗೆ ಎಲ್ಲ ತಿಳಿಯುತ್ತಿತ್ತು. ಬಿಡಲಿಲ್ಲ.

ನನ್ನ ನೆನಪು ಅಲ್ಲಿಗೆ ಮುಗಿಯುತ್ತಿತ್ತು. ಆಮೇಲೆ ಅಜ್ಜಿಯ ಕಾವಲಿನಲ್ಲಿ ಮಾತ್ರೆ ನಿಂತಿತು, ಅಜ್ಜಿಯ ಹಟದಿಂದಲೇ ಎಲ್ಲ ಆಯಿತು ಎಂದು ಅವ್ವನ ಬಳಿಯೂ ಹೇಳಿದ್ದೇನೆ. ಡೈರಿಯಲ್ಲಿ ಅದೇ ದಿನದ ಪುಟದ ಕೊನೆಯಲ್ಲಿ, ನನ್ನದೇ ಕೈಬರಹದಲ್ಲಿ, ಬೇರೆಯೇ ಇದೆ. ವಾಪಸು ಬರುವಾಗ ಅಜ್ಜಿ ನೀರು ಕುಡಿಯಲು ಹೋಗಿದ್ದಾಗ ಚಿಕ್ಕಮ್ಮ ನನ್ನನ್ನು ಕೇಳಿದಳಂತೆ: ಮಾತ್ರೆ ಕದ್ದು ನುಂಗಲಾ, ಬಿಡಲಾ? 'ಇಪ್ಪತ್ತೊಂದು ದಿನ ತಾನೆ, ಬಿಟ್ಟರೆ ಏನೂ ಆಗಲ್ಲ ಅಂದೆ. ಅವಳಿಗೆ ಸಮಾಧಾನವಾಯಿತು' ಎಂದು ಬರೆದಿದ್ದೇನೆ.

ಒಂದೇ ಮಾತ್ರೆ ಎರಡು ವೈರಸ್‌ಗಳನ್ನೂ ಹಿಡಿದಿಟ್ಟಿದೆ, ಒಂದು ದಿನವೂ ಬಿಡಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿದಾಗ ನಾನು ಪಕ್ಕದಲ್ಲೇ ಇದ್ದೆ. ಎಚ್‌ಐವಿಯ ಭಯದಲ್ಲಿ ಎರಡನೆಯದನ್ನು ನಾವಿಬ್ಬರೂ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಜ್ವರ ಬಿಟ್ಟಿತು. ಪಥ್ಯ ಮುಗಿದ ಮೇಲೂ ಅವಳು ಮಾತ್ರೆ ಶುರುಮಾಡಲಿಲ್ಲ. "ಅದು ಬಿಟ್ಟ ಮ್ಯಾಲೆ ತಲೆ ತಿರುಗೋದೇ ನಿಂತೈತೆ ಕಣೇ, ಹಗುರ ಆಗೀನಿ," ಎಂದಳು ಫೋನಿನಲ್ಲಿ. ಮಾತ್ರೆಗೆ ಬಂದಿಲ್ಲವೆಂದು ಆಸ್ಪತ್ರೆಯಿಂದ ನನಗೆ ಫೋನ್ ಬಂದಾಗ, ಊರಲ್ಲಿಲ್ಲ ಎಂದುಬಿಟ್ಟೆ. ಇದು ಮಾತ್ರ ಡೈರಿಯಲ್ಲಿಲ್ಲ, ನೆನಪಿನಲ್ಲಿದೆ. ಎರಡು ತಿಂಗಳು ದಾಟುವ ಹೊತ್ತಿಗೆ ನಿಜವಾದ ಕಾಮಾಲೆ ಬಂತು. ಈ ಸಲ ಯಾರೂ ರೆಪ್ಪೆ ಎಳೆಯಬೇಕಾಗಲಿಲ್ಲ, ಅವಳು ಹೊಲಿಯುತ್ತಿದ್ದ ಬಿಳಿ ಬಟ್ಟೆಯ ಮೇಲೆ ಅವಳ ಬೆರಳುಗಳೇ ಹಳದಿಯಾಗಿ ಕಾಣುತ್ತಿದ್ದವು. ಶಿವಮೊಗ್ಗದ ಡಾಕ್ಟರು ರಕ್ತ ನೋಡಿ, ಮಾತ್ರೆ ನಿಂತದ್ದರಿಂದ ಬಿ ವೈರಸ್ ತಿರುಗಿಬಿದ್ದಿದೆ, ಉಳಿಯುತ್ತಾರೋ ಇಲ್ಲವೋ ಈಗಲೇ ಹೇಳಲಾಗದು ಎಂದರು. ಸುಣ್ಣದ ನೀರಿನ ವಿಷಯ ಹೇಳಿ, ಮೊದಲಿನದು ಕಾಮಾಲೆಯೇ ಆಗಿತ್ತೇ ಎಂದು ಕೇಳಿದೆ. "ನನ್ನ ಕೈ ತೊಳೆದರೂ ಸುಣ್ಣದ ನೀರು ಹಳದಿ ಆಗಬಹುದು," ಎಂದರು.

ಅಜ್ಜಿಗೆ ಎಲ್ಲ ತಿಳಿದದ್ದು ಆ ವಾರ್ಡಿನಲ್ಲಿ. ಬೈಯಲಿಲ್ಲ. "ನಂಗೊಂದ್ ಮಾತು ಹೇಳಿದ್ರೆ ಅಲ್ಲಿಗೆ ಕರ್ಕಂಡು ಹೋಗ್ತಿದ್ನೇನೇ?" ಎಂದಳು, ನನಗೆ. ಚಿಕ್ಕಮ್ಮ ನಿಧಾನವಾಗಿ ಉಳಿದುಕೊಂಡಳು. ಆಮೇಲೆ ತಾನು ಸಾಯುವವರೆಗೂ ಅವಳ ಮಾತ್ರೆಗೆ ನೀರಿನ ಚೊಂಬು ತಂದಿಟ್ಟವಳು ಅಜ್ಜಿಯೇ. ಅಜ್ಜಿ ಹೋದ ಮೇಲೆ ತಪ್ಪನ್ನು ಅವಳ ಮೇಲೆ ಹೊರಿಸುವುದು ನನಗೆ ಇನ್ನೂ ಸುಲಭವಾಯಿತು.

ಆ ಎರಡು ತಿಂಗಳು ಚಿಕ್ಕಮ್ಮನ ಯಕೃತ್ತಿನಲ್ಲಿ ಕಲೆ ಬಿಟ್ಟು ಹೋಗಿದೆ. ಆರು ತಿಂಗಳಿಗೊಮ್ಮೆ ಸ್ಕ್ಯಾನ್. ಈಗ ಮೂರು ತಿಂಗಳ ಮಾತ್ರೆ ಒಟ್ಟಿಗೇ ಸಿಗುವುದರಿಂದ ಅವಳು ಬರುವುದೂ ಕಡಿಮೆ. ಮೊನ್ನೆ ಸ್ಕ್ಯಾನ್ ರಿಪೋರ್ಟ್ ತೋರಿಸಿದೆವು. ಹೆಚ್ಚಾಗಿಲ್ಲ, ಹಾಗೇ ಇದೆ ಎಂದರು. ಹೋಟೆಲಿನಲ್ಲಿ ಕೂತ ಮೇಲೆ ಬ್ಯಾಗಿನಿಂದ ಡೈರಿ ತೆಗೆದು ಆ ಪುಟ ಓದಿದೆ. ಓದುವಾಗ ತಲೆ ಎತ್ತಲಿಲ್ಲ.

"ನೀ ಹೇಳಿದ್ಯಾ?" ಎಂದಳು. "ನಂಗೆ ನೆಪ್ಪೇ ಇಲ್ಲ. ನಾನೇ ಬೇಜಾರಾಗಿ ಬಿಟ್ಟಿದ್ದು ಅಂತ ಅನ್ಕಂಡಿದ್ದೆ ಇಷ್ಟ್ ದಿನ."

"ಇಲ್ಲಿ ಬರೆದೀನಲ್ಲ ಚಿಕ್ಕಮ್ಮ."

"ಬರೆದಿದ್ರೆ ಹೌದಿರ್ಬೇಕು. ಎಂ.ಎ. ಮಾಡ್ದೋಳು ಅಂತ ನಿನ್ನ ಕೇಳಿದ್ನಲ್ಲ, ಅದು ನಂದೇ ತಪ್ಪು." ನಕ್ಕಳು. ನನಗೆ ನಗಲಾಗಲಿಲ್ಲ. ಅವಳು, "ಆವತ್ತು ನೀನು ಬಿಡಬ್ಯಾಡ ಅಂದಿದ್ರೂ ನಾ ಬಿಡ್ತಿದ್ನೋ ಏನೋ. ಬಾಳ ಸಾಕಾಗಿತ್ತು. ಅದನ್ನ ಎಲ್ಲಿ ಬರೀತಿ?" ಎಂದಳು.

ಅದು ನನ್ನನ್ನು ಬಿಡಿಸಲು ಹೇಳಿದ ಮಾತೋ, ನಿಜವೋ ತಿಳಿಯಲಿಲ್ಲ.

ಊಟ ಬಂತು. ಅವಳು ಎಂದಿನಂತೆ ಸಾಂಬಾರು ಕೆದಕಿ ಬದನೆಕಾಯಿ ಹುಡುಕಿದಳು.

"ಇನ್ನೂ ಯಾಕೆ ಚಿಕ್ಕಮ್ಮ? ಆ ಪಥ್ಯದಿಂದ ಆಗಿದ್ದು ಗೊತ್ತಿದ್ದೂ?"

"ಮಾತ್ರೆ ಬಿಟ್ಟಿದ್ದು ತಪ್ಪು. ಬದ್ನೆಕಾಯಿ ಬಿಟ್ರೆ ಯಾರಿಗೇನಾಗ್ತತಿ?" ಹೋಳನ್ನು ನನ್ನ ತಟ್ಟೆಗೆ ಹಾಕಿದಳು. "ತಿನ್ನು. ಅಂಗಡಿಗೆ ಹೋಗ್ಬೇಕು, ಲೈನಿಂಗ್ ಬಟ್ಟೆ ತಗಳಾಣ."

"ಈಗ ಯಾರಿಗೆ ನೆಪ ಹೇಳ್ಬೇಕು?"

"ಯಾರಿಗೂ ಇಲ್ಲ," ಎಂದಳು. "ಹಂಗೇ."